ಮಧ್ಯಮ ಗಾತ್ರದ ನಗರದಲ್ಲಿ ಜಾಝ್ ಕಛೇರಿಗಳನ್ನು ಪತ್ತೆ ಮಾಡುವ ಬಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೆಲವು ಲಕ್ಷ ಜನರಿರುವ ನಗರದಲ್ಲಿ ಜಾಝ್ ಸಂಗೀತವನ್ನು ಎದುರಿಗೆ ಕುಳಿತು ಕೇಳಬೇಕೆಂದು ಹೊರಟವರು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಸೋಲುತ್ತಾರೆ. ಫೋನಿನ ನಕ್ಷೆಯಲ್ಲಿ ‘ಜಾಝ್ ಕ್ಲಬ್’ ಎಂದು ಬರೆದು ಹುಡುಕುತ್ತಾರೆ. ಎರಡೋ ಮೂರೋ ಹೆಸರು ಕಾಣಿಸುತ್ತವೆ. ಶನಿವಾರ ರಾತ್ರಿ ಅವುಗಳಲ್ಲಿ ಒಂದಕ್ಕೆ ಹೋದರೆ ಅಲ್ಲಿ ಧ್ವನಿಮುದ್ರಿತ ಹಾಡು ಮೊಳಗುತ್ತಿರುತ್ತದೆ, ಇಲ್ಲವೇ ಬಾಗಿಲಿಗೆ ಬೀಗ ಬಿದ್ದು ವರ್ಷ ಕಳೆದಿರುತ್ತದೆ. ನಮ್ಮ ಊರಿನಲ್ಲಿ ಜಾಝ್ ಇಲ್ಲವೆಂದು ತೀರ್ಮಾನಿಸಿ ಮನೆಗೆ ಮರಳುತ್ತಾರೆ. ಅದೇ ವಾರದ ಮಂಗಳವಾರ ಅದೇ ಊರಿನ ಯಾವುದೋ ಹೋಟೆಲಿನ ಮೂಲೆಯಲ್ಲಿ ಮೂವರ ಒಳ್ಳೆಯ ತಂಡವೊಂದು ಇಪ್ಪತ್ತು ಜನರ ಮುಂದೆ ಎರಡು ಗಂಟೆ ನುಡಿಸಿ ಹೋಗಿರುವುದು ಅವರ ಗಮನಕ್ಕೇ ಬಂದಿರುವುದಿಲ್ಲ.

ಈ ಸೋಲಿಗೆ ಕಾರಣ ಹುಡುಕಾಟದ ಕ್ರಮ. ಮಹಾನಗರಗಳಲ್ಲಿ ಜಾಝ್‌ಗೆ ಸ್ವಂತ ಮನೆಗಳಿವೆ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ 1935ರಿಂದಲೂ, ಲಂಡನ್ನಿನ ರಾನಿ ಸ್ಕಾಟ್ಸ್ 1959ರಿಂದಲೂ ಹೆಸರು ಉಳಿಸಿಕೊಂಡು ಬಂದಿವೆ, ಅಂಥ ಜಾಗಕ್ಕೆ ಬಹುತೇಕ ಯಾವ ರಾತ್ರಿ ಹೋದರೂ ಕಛೇರಿ ಸಿಗುತ್ತದೆ. ಮಧ್ಯಮ ಗಾತ್ರದ ನಗರದಲ್ಲಿ ಜಾಝ್ ಬಾಡಿಗೆ ಮನೆಯಲ್ಲಿರುತ್ತದೆ, ಅದೂ ವಾರಕ್ಕೆ ಅಥವಾ ತಿಂಗಳಿಗೆ ಒಂದು ರಾತ್ರಿಯ ಮಟ್ಟಿಗೆ. ಉಳಿದ ದಿನಗಳಲ್ಲಿ ಆ ಜಾಗ ಬಾರು, ಗ್ರಂಥಾಲಯದ ಸಭಾಂಗಣ, ಚಿತ್ರಶಾಲೆ ಅಥವಾ ಕಾಲೇಜಿನ ಕೊಠಡಿಯಾಗಿರುತ್ತದೆ. ಆದ್ದರಿಂದ ಜಾಗದಿಂದ ಹುಡುಕಾಟ ಆರಂಭಿಸಿದವರಿಗೆ ದಾರಿ ಸಿಗುವುದಿಲ್ಲ. ಮೊದಲು ನುಡಿಸುವ ವ್ಯಕ್ತಿ, ಆಮೇಲೆ ರಾತ್ರಿ, ಕೊನೆಯಲ್ಲಿ ಜಾಗ ಎಂಬ ಕ್ರಮವನ್ನು ಹಿಡಿದರೆ ಮೂರು ನಾಲ್ಕು ವಾರಗಳಲ್ಲಿ ಊರಿನ ಜಾಝ್ ನಕ್ಷೆ ಬಹುಮಟ್ಟಿಗೆ ಕೈಗೆ ಬರುತ್ತದೆ. ಕೆಳಗಿನ ಹಂತಗಳೆಲ್ಲ ಈ ಕ್ರಮದಲ್ಲಿಯೇ ಇವೆ. ಹಂತ ಹಾರಿಸಿ ಮುಂದೆ ಹೋಗುವುದರಿಂದ ಸಮಯ ಉಳಿಯುವುದಿಲ್ಲ.

## ಬೇಕಾಗುವ ಸಾಮಗ್ರಿ

ಸಾಮಗ್ರಿ ಹೆಚ್ಚೇನೂ ಬೇಕಿಲ್ಲ. ಒಂದು ಸ್ಪ್ರೆಡ್‌ಶೀಟ್ ಅಥವಾ ಗೆರೆ ಎಳೆದ ನೋಟ್‌ಬುಕ್, ಫೋನಿನ ಕ್ಯಾಲೆಂಡರ್, ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ ಖಾತೆಗಳು, ಸುದ್ದಿಪತ್ರಗಳಿಗೆಂದೇ ಪ್ರತ್ಯೇಕವಾಗಿ ತೆರೆದ ಒಂದು ಇಮೇಲ್ ವಿಳಾಸ ಇಷ್ಟಿದ್ದರೆ ಸಾಕು. ಪ್ರತ್ಯೇಕ ಇಮೇಲ್ ಏಕೆಂದರೆ, ಹತ್ತು ಹನ್ನೆರಡು ಕಡೆ ಹೆಸರು ನೋಂದಾಯಿಸಿದ ಮೇಲೆ ಬರುವ ಪತ್ರಗಳು ನಿತ್ಯದ ಅಂಚೆಯಲ್ಲಿ ಬೆರೆತುಹೋದರೆ ಬೇಕಾದ ದಿನ ಅವು ಕಣ್ಣಿಗೆ ಬೀಳುವುದಿಲ್ಲ.

ಪಟ್ಟಿಯಲ್ಲಿ ಏಳು ಅಂಕಣಗಳಿರಲಿ: ವಾದಕರ ಹೆಸರು, ವಾದ್ಯ, ತಂಡ, ಜಾಗ, ವಾರ ಮತ್ತು ಸಮಯ, ಪ್ರವೇಶದ ಬಗೆ, ಕೊನೆಯ ಬಾರಿ ಖಚಿತಪಡಿಸಿಕೊಂಡ ದಿನಾಂಕ. ಏಳನೆಯ ಅಂಕಣವನ್ನು ಬಹುತೇಕರು ಬಿಟ್ಟುಬಿಡುತ್ತಾರೆ, ಪಟ್ಟಿ ಎರಡೇ ತಿಂಗಳಲ್ಲಿ ಕೆಲಸಕ್ಕೆ ಬಾರದಂತಾಗುವುದು ಅದರಿಂದಲೇ.

## ಹಂತ 1: ಯಾವ ಬಗೆಯ ಜಾಝ್ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಜಾಝ್ ಎಂಬ ಒಂದೇ ಹೆಸರಿನಡಿ ಹಲವು ಶೈಲಿಗಳಿವೆ, ಮತ್ತು ಶೈಲಿ ಬದಲಾದಂತೆ ಅದು ಸಿಗುವ ಜಾಗವೂ ಬದಲಾಗುತ್ತದೆ. ಬಿಗ್ ಬ್ಯಾಂಡ್ ಎಂದರೆ ಸುಮಾರು ಹದಿನೇಳು ವಾದಕರು. ಅಷ್ಟು ಜನರಿಗೆ ವೇದಿಕೆ ಬೇಕು, ಆದ್ದರಿಂದ ಅದನ್ನು ಸಭಾಂಗಣ, ಕಾಲೇಜು, ಉದ್ಯಾನ ಅಥವಾ ದೊಡ್ಡ ನೃತ್ಯಶಾಲೆಯಲ್ಲಿ ಹುಡುಕಬೇಕು. ಕುಣಿತಕ್ಕೆ ಒಪ್ಪುವ ಲಯದ ಸ್ವಿಂಗ್ ಶೈಲಿಯ ತಂಡಗಳು ಕುಣಿಯುವವರ ಹಿಂದೆ ಹೋಗುತ್ತವೆ. ಯುರೋಪಿನ ಹೆಸರಾಂತ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಪರಂಪರೆಯ ತಂಡಗಳಲ್ಲಿ ಡ್ರಮ್ ಸೆಟ್ ಇಲ್ಲದಿರುವುದೇ ಹೆಚ್ಚು, ಹಾಗಾಗಿ ನಾಲ್ಕು ಕುರ್ಚಿ ಹಿಡಿಸುವ ಮೂಲೆಯೂ ಅವರಿಗೆ ಸಾಲುತ್ತದೆ, ನೆರೆಹೊರೆಯವರ ದೂರೂ ಬರುವುದಿಲ್ಲ. ಬೀಬಾಪ್ (ಕುಣಿತಕ್ಕಿಂತ ಕೇಳುವುದಕ್ಕೆಂದು ಬೆಳೆದ ವೇಗದ ಶೈಲಿ) ಮತ್ತು ಅದರ ಮುಂದುವರಿಕೆಯ ಸಣ್ಣ ತಂಡಗಳು ಬಾರು ಮತ್ತು ಹೋಟೆಲುಗಳಲ್ಲಿ ನುಡಿಸುತ್ತವೆ. ರಾಗ-ಲಯದ ಚೌಕಟ್ಟನ್ನೇ ಸಡಿಲಿಸುವ ಫ್ರೀ ಜಾಝ್ ಬೇಕಿದ್ದವರು ಬಾರುಗಳಲ್ಲಿ ಅಲೆಯುವುದನ್ನು ಬಿಟ್ಟು ಚಿತ್ರಶಾಲೆ ಮತ್ತು ಪುಟ್ಟ ರಂಗಮಂದಿರಗಳ ಕಾರ್ಯಕ್ರಮ ಪಟ್ಟಿಯನ್ನು ನೋಡಬೇಕು.

ಯಾವ ಶೈಲಿ ಇಷ್ಟವೆಂಬುದು ಇನ್ನೂ ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲ. ‘ಎದುರಿಗೆ ಕುಳಿತು ಗಮನವಿಟ್ಟು ಕೇಳಬೇಕೇ, ಮಾತಿನ ನಡುವೆ ಕಿವಿಗೆ ಬಿದ್ದರೆ ಸಾಕೇ, ಕುಣಿಯಬೇಕೇ’ ಎಂಬ ಒಂದು ಪ್ರಶ್ನೆಗಾದರೂ ಉತ್ತರ ಬರೆದಿಟ್ಟುಕೊಳ್ಳಿ. ಆರನೆಯ ಹಂತದ ಬಳಿಕ ಬರುವ ‘ಅಪಾಯದ ಸೂಚನೆಗಳು’ ಭಾಗದಲ್ಲಿ ಅದು ಬೇಕಾಗುತ್ತದೆ.

## ಹಂತ 2: ಹತ್ತು ವಾದಕರ ಹೆಸರು ಕೂಡಿಸಿ

ಈ ಹಂತದಲ್ಲಿ ಜಾಗಗಳ ಬಗ್ಗೆ ಯೋಚಿಸುವುದೇ ಬೇಡ. ನಗರದಲ್ಲಿ ವಾಸವಿದ್ದು ಜಾಝ್ ನುಡಿಸುವ ಹತ್ತು ಜನರ ಹೆಸರು ಸಿಕ್ಕರೆ ಸಾಕು.

ಮೊದಲು ನೋಡಬೇಕಾದದ್ದು ಕಾಲೇಜು ಅಥವಾ ವಿಶ್ವವಿದ್ಯಾಲಯದ ಸಂಗೀತ ವಿಭಾಗ. ಅಲ್ಲಿ ಜಾಝ್ ಕಲಿಸುವ ಅಧ್ಯಾಪಕರು ಸಂಜೆಯ ವೇಳೆ ತಾವೇ ನುಡಿಸುವವರಾಗಿರುತ್ತಾರೆ, ಅವರ ಪರಿಚಯಪುಟದಲ್ಲಿ ತಂಡಗಳ ಹೆಸರೂ ಇರುತ್ತದೆ. ಒಂದು ವಿಭಾಗ ಇಡೀ ಊರಿನ ಸಂಗೀತವನ್ನು ಹೇಗೆ ಪೋಷಿಸಬಲ್ಲದು ಎಂಬುದಕ್ಕೆ ಅಮೆರಿಕದ ಟೆಕ್ಸಾಸಿನ ಡೆಂಟನ್ ಒಳ್ಳೆಯ ನಿದರ್ಶನ. ಅದು ಮಹಾನಗರವೇನಲ್ಲ. ಆದರೆ ಜಾಝ್‌ನಲ್ಲಿ ಪದವಿ ಶಿಕ್ಷಣ ಮೊದಲು ಶುರುವಾದದ್ದು ಅಲ್ಲಿ, 1947ರಲ್ಲಿ. ವಿದ್ಯಾರ್ಥಿಗಳು ಪದವಿಗಾಗಿ ನೀಡುವ ಕಛೇರಿಗಳು ಹಲವೆಡೆ ಸಾರ್ವಜನಿಕರಿಗೆ ಉಚಿತವಾಗಿರುತ್ತವೆ ಮತ್ತು ಶೈಕ್ಷಣಿಕ ಅವಧಿಯ ಕೊನೆಯ ವಾರಗಳಲ್ಲಿ ಒಟ್ಟಾಗಿ ಬರುತ್ತವೆ. ವಿಭಾಗದ ಕ್ಯಾಲೆಂಡರಿನಲ್ಲಿ ಆ ವಾರಗಳನ್ನು ಗುರುತು ಹಾಕಿಕೊಳ್ಳಿ.

ಎರಡನೆಯ ಮೂಲ ಏಪ್ರಿಲ್ 30. ಯುನೆಸ್ಕೋ 2011ರಲ್ಲಿ ಆ ದಿನವನ್ನು ಅಂತಾರಾಷ್ಟ್ರೀಯ ಜಾಝ್ ದಿನವೆಂದು ಘೋಷಿಸಿತು. 2012ರಿಂದ ಪ್ರತಿ ವರ್ಷ ನಾನಾ ದೇಶಗಳ ಸಂಘಟಕರು ತಮ್ಮ ಕಾರ್ಯಕ್ರಮಗಳನ್ನು ಅದರ ಅಧಿಕೃತ ತಾಣದಲ್ಲಿ ನೋಂದಾಯಿಸುತ್ತಾರೆ. ಆ ದಿನ ಬರುವವರೆಗೆ ಕಾಯಬೇಕಾಗಿಲ್ಲ. ಕಳೆದ ವರ್ಷದ ಏಪ್ರಿಲ್ ಕೊನೆಯ ವಾರದಲ್ಲಿ ನಿಮ್ಮ ನಗರದಲ್ಲಿ ಏನು ನಡೆಯಿತೆಂದು ಹುಡುಕಿದರೆ ಸಂಘಟಕರ ಮತ್ತು ತಂಡಗಳ ಹೆಸರು ಒಮ್ಮೆಗೇ ದೊರೆಯುತ್ತವೆ. ಊರಿನಲ್ಲಿ ಜಾಝ್ ಬಗ್ಗೆ ಕಾಳಜಿಯಿರುವವರು ವರ್ಷದಲ್ಲಿ ಒಂದು ದಿನವಾದರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಆಗಲೇ.

ಇನ್ನು ಮೂರು ಮೂಲಗಳನ್ನು ಜನ ಮರೆಯುತ್ತಾರೆ. ಸ್ವಿಂಗ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಲಿಂಡಿ ಹಾಪ್ ನೃತ್ಯದ ಗುಂಪುಗಳಿಗೆ ಧ್ವನಿಮುದ್ರಿಕೆಗಿಂತ ಎದುರಿಗೆ ನುಡಿಸುವ ತಂಡದ ಮೇಲೆ ಆಸೆ ಹೆಚ್ಚು, ಊರಿನಲ್ಲಿ ಸ್ವಿಂಗ್ ನುಡಿಸಬಲ್ಲವರು ಯಾರೆಂದು ಅವರಿಗೆ ನಿಖರವಾಗಿ ಗೊತ್ತಿರುತ್ತದೆ. ಸ್ಯಾಕ್ಸೊಫೋನ್ ಮತ್ತು ಟ್ರಂಪೆಟ್ ರಿಪೇರಿ ಮಾಡುವವರ ಬಳಿಗೆ ಎಲ್ಲ ವಾದಕರೂ ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ, ಅಂಗಡಿಯ ಗೋಡೆಗೆ ಅಂಟಿಸಿದ ಚೀಟಿಗಳನ್ನೊಮ್ಮೆ ಓದಿ ಬನ್ನಿ. ಮೂರನೆಯದು ಸಮುದಾಯ ಅಥವಾ ಕಾಲೇಜು ರೇಡಿಯೊ. ಅಲ್ಲಿ ಜಾಝ್ ಕಾರ್ಯಕ್ರಮ ನಡೆಸುವವರು ಸ್ಥಳೀಯ ಕಛೇರಿಗಳ ಪಟ್ಟಿಯನ್ನು ಪ್ರಸಾರದ ನಡುವೆ ಓದುವುದುಂಟು.

## ಹಂತ 3: ಬೇಸ್ ವಾದಕರ ಜಾಡು ಹಿಡಿಯಿರಿ

ಇಡೀ ಹುಡುಕಾಟದ ಕೀಲಿ ಇರುವುದು ಈ ಹಂತದಲ್ಲಿ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ತಂಡದ ಹೆಸರು ಸಾಮಾನ್ಯವಾಗಿ ಗಾಯಕಿಯದ್ದೋ ಸ್ಯಾಕ್ಸೊಫೋನ್ ವಾದಕರದ್ದೋ ಆಗಿರುವುದರಿಂದ ಕೇಳುಗರು ಅವರನ್ನೇ ಹಿಂಬಾಲಿಸುತ್ತಾರೆ. ಆದರೆ ಅವರು ಹೆಚ್ಚಾಗಿ ತಮ್ಮ ತಂಡದೊಡನೆ ಮಾತ್ರ ನುಡಿಸುತ್ತಾರೆ, ತಿಂಗಳಿಗೆ ಒಂದೆರಡು ಕಡೆ. ಪಕ್ಕವಾದ್ಯದವರ ಸಂಗತಿ ಬೇರೆ. ನಮ್ಮಲ್ಲಿ ಒಬ್ಬ ಒಳ್ಳೆಯ ಮೃದಂಗ ವಿದ್ವಾಂಸರ ದಿನಚರಿ ನೋಡಿದರೆ ಊರಿನ ಅರ್ಧ ಕಛೇರಿಗಳು ತಿಳಿಯುವಂತೆ, ಜಾಝ್‌ನಲ್ಲಿ ಡಬಲ್ ಬೇಸ್ (ತಗ್ಗು ಸ್ವರಗಳ ದೊಡ್ಡ ತಂತಿವಾದ್ಯ) ನುಡಿಸುವವರ ದಿನಚರಿಯಲ್ಲಿ ಇಡೀ ಊರಿನ ನಕ್ಷೆಯಿರುತ್ತದೆ. ಆಳೆತ್ತರದ ಆ ವಾದ್ಯವನ್ನು ಹೊತ್ತು ತಿರುಗಬಲ್ಲವರು ಮಧ್ಯಮ ನಗರದಲ್ಲಿ ಬೆರಳೆಣಿಕೆಯಷ್ಟು, ಅವರು ಬೇಕೆನ್ನುವ ತಂಡಗಳು ಹಲವು. ಆದ್ದರಿಂದ ಒಬ್ಬರೇ ನಾಲ್ಕೈದು ತಂಡಗಳಲ್ಲಿ ನುಡಿಸುತ್ತಿರುತ್ತಾರೆ.

ಕೆಲಸ ಮಾಡುವ ಬಗೆ ಹೀಗೆ. ನೀವು ಕೂಡಿಸಿದ ಹೆಸರುಗಳಲ್ಲಿ ಯಾವುದಾದರೂ ತಂಡದ ಇತ್ತೀಚಿನ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ತೆರೆಯಿರಿ ಮತ್ತು ಅದರಲ್ಲಿ ಟ್ಯಾಗ್ ಮಾಡಿರುವ ಬೇಸ್ ವಾದಕರ ಪುಟಕ್ಕೆ ಹೋಗಿ. ಅವರು ತಾವೇ ಹಾಕಿದ ಚಿತ್ರಗಳನ್ನು ಬದಿಗಿಟ್ಟು, ಇತರರು ಅವರನ್ನು ಟ್ಯಾಗ್ ಮಾಡಿದ ಚಿತ್ರಗಳ ವಿಭಾಗವನ್ನು ನೋಡಿ. ಸಂಗೀತಗಾರರು ತಮ್ಮ ಎಲ್ಲ ಕಛೇರಿಗಳನ್ನೂ ಪ್ರಕಟಿಸುವುದಿಲ್ಲ, ಆದರೆ ಕೇಳಲು ಬಂದವರು ಚಿತ್ರ ತೆಗೆದು ಹಾಕಿರುತ್ತಾರೆ. ಕಳೆದ ಎರಡು ತಿಂಗಳ ಚಿತ್ರಗಳಲ್ಲಿ ಕಾಣುವ ಜಾಗಗಳನ್ನೆಲ್ಲ ಬರೆದುಕೊಂಡು, ಎರಡು ಅಥವಾ ಹೆಚ್ಚು ಬಾರಿ ಬಂದ ಹೆಸರಿಗೆ ಗುರುತು ಹಾಕಿ. ಅನಂತರ ಆ ಜಾಗದ ಪುಟಕ್ಕೆ ಹೋಗಿ ಅಲ್ಲಿ ನುಡಿಸಿದ ಇತರ ತಂಡಗಳನ್ನೂ ಅವುಗಳ ಬೇಸ್ ವಾದಕರನ್ನೂ ನೋಡಿ. ಹೀಗೆ ಎರಡು ಮೂರು ಸುತ್ತು ಬಂದರೆ ಹಿಂದೆ ಬರೆದ ಹೆಸರುಗಳೇ ಮರಳಿ ಬರತೊಡಗುತ್ತವೆ. ಹೊಸ ಹೆಸರು ಹುಟ್ಟುವುದು ನಿಂತಾಗ ಹುಡುಕಾಟ ನಿಲ್ಲಿಸಬಹುದು.

ಎಡವುವ ಜಾಗಗಳು ಮೂರು. ಬೇಸ್ ವಾದಕರು ಮದುವೆ ಮತ್ತು ಕಂಪನಿಗಳ ಖಾಸಗಿ ಸಮಾರಂಭಗಳಲ್ಲಿಯೂ ನುಡಿಸುತ್ತಾರೆ, ಅಂಥ ಜಾಗಗಳು ಪಟ್ಟಿಗೆ ಸೇರದಂತೆ ನೋಡಿಕೊಳ್ಳಿ. ಒಬ್ಬರು ಬರಲಾಗದ ದಿನ ಇನ್ನೊಬ್ಬರು ಬದಲಿಯಾಗಿ ಹೋಗುವುದು ಈ ವೃತ್ತಿಯಲ್ಲಿ ಮಾಮೂಲು. ಹಾಗಾಗಿ ಒಂದೇ ಚಿತ್ರವನ್ನು ನಂಬಿ ತಂಡವನ್ನು ನಿರ್ಧರಿಸಬಾರದು. ಮೂರನೆಯದಾಗಿ, ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯವಿರುವ ತಂಡದಲ್ಲಿ ಸಾಮಾನ್ಯವಾಗಿ ಬೇಸ್ ವಾದಕರೇ ಇರುವುದಿಲ್ಲ. ಆರ್ಗನ್ ವಾದಕರು ಎಡಗೈ ಮತ್ತು ಕಾಲ ಪೆಡಲುಗಳಿಂದ ಬೇಸ್ ಸ್ವರಗಳನ್ನು ನುಡಿಸಿಬಿಡುತ್ತಾರೆ. ಅಂಥ ತಂಡ ಎದುರಾದರೆ ಡ್ರಮ್ ವಾದಕರ ಜಾಡು ಹಿಡಿಯಿರಿ.

ಸಂದೇಶ ಕಳುಹಿಸಲು ಸಂಕೋಚ ಬೇಡ, ಆದರೆ ಅದು ಚಿಕ್ಕದಾಗಿರಲಿ. ‘ನಮಸ್ಕಾರ, ನಿಮ್ಮ ತಂಡದ ಕಛೇರಿ ಕೇಳಬೇಕೆಂದಿದ್ದೇನೆ. ಈ ತಿಂಗಳು ಸಾರ್ವಜನಿಕರಿಗೆ ತೆರೆದಿರುವ ನಿಮ್ಮ ಕಛೇರಿಗಳು ಯಾವ ದಿನ, ಎಲ್ಲಿವೆ?’ ಎಂದಷ್ಟೇ ಕೇಳಿ. ‘ಊರಿನಲ್ಲಿ ಜಾಝ್ ಎಲ್ಲೆಲ್ಲಿ ಸಿಗುತ್ತದೆ?’ ಎಂದು ಕೇಳಿದವರಿಗೆ ಉತ್ತರ ಬರುವುದು ಅಪರೂಪ, ಏಕೆಂದರೆ ಅದಕ್ಕೆ ಉತ್ತರಿಸಲು ಪ್ರಬಂಧವನ್ನೇ ಬರೆಯಬೇಕಾಗುತ್ತದೆ.

## ಹಂತ 4: ಹುಡುಕುವ ಪದಗಳನ್ನು ಬದಲಿಸಿ

ಈಗ, ಮೂರನೆಯ ಹಂತ ಮುಗಿದ ಮೇಲೆ, ಅಂತರ್ಜಾಲದ ಹುಡುಕಾಟಕ್ಕೆ ಅರ್ಥ ಬರುತ್ತದೆ. ‘ಜಾಝ್ ಕ್ಲಬ್’ ಎಂಬ ಪದವನ್ನು ಬಿಟ್ಟುಬಿಡಿ. ‘ಟ್ರಿಯೊ’ (ಮೂವರ ತಂಡ), ‘ಕ್ವಾರ್ಟೆಟ್’ (ನಾಲ್ವರ ತಂಡ), ‘ಜಾಮ್ ಸೆಷನ್’ (ಬಂದ ವಾದಕರೆಲ್ಲ ಸರದಿಯಲ್ಲಿ ನುಡಿಸುವ ಕೂಟ), ‘ಬಿಗ್ ಬ್ಯಾಂಡ್’, ‘ಸ್ವಿಂಗ್’, ‘ಹೌಸ್ ಕಾನ್ಸರ್ಟ್’ (ಮನೆಯಲ್ಲಿ ನಡೆಯುವ ಕಛೇರಿ) ಮೊದಲಾದ ಪದಗಳ ಜತೆಗೆ ನಗರದ ಹೆಸರು ಸೇರಿಸಿ, ಫಲಿತಾಂಶಗಳನ್ನು ಕಳೆದ ಒಂದು ತಿಂಗಳಿಗೆ ಸೀಮಿತಗೊಳಿಸಿ. ದಿನಾಂಕದ ಈ ಮಿತಿ ಹಾಕದಿದ್ದರೆ ಎಂದೋ ಮುಚ್ಚಿದ ಜಾಗಗಳ ಹಳೆಯ ಬರಹಗಳೇ ಮೊದಲ ಪುಟವನ್ನು ತುಂಬಿಕೊಂಡಿರುತ್ತವೆ.

ಗೂಗಲ್ ಮ್ಯಾಪ್ಸ್ ಬಳಸುವುದಾದರೆ ಜಾಗದ ನಕ್ಷತ್ರಗಳನ್ನು ಎಣಿಸಬೇಡಿ. ವಿಮರ್ಶೆಗಳೊಳಗೆ ‘ಜಾಝ್’ ಅಥವಾ ‘ಬ್ಯಾಂಡ್’ ಎಂದು ಹುಡುಕಿ, ಹೊಸದು ಮೊದಲು ಬರುವಂತೆ ಜೋಡಿಸಿ ಓದಿ. ಸಾಂಗ್‌ಕಿಕ್ ಮತ್ತು ಬ್ಯಾಂಡ್ಸಿನ್‌ಟೌನ್‌ನಂಥ ಆ್ಯಪ್‌ಗಳು ಊರಿಂದೂರಿಗೆ ಪ್ರವಾಸ ಮಾಡುವ ಕಲಾವಿದರ ವಿಷಯದಲ್ಲಿ ಉಪಯುಕ್ತ. ಪ್ರತಿ ಬುಧವಾರ ಅದೇ ಮೂಲೆಯಲ್ಲಿ ಟಿಕೆಟ್ ಇಲ್ಲದೆ ನುಡಿಸುವ ಸ್ಥಳೀಯ ತಂಡವನ್ನು ಅವುಗಳಲ್ಲಿ ನಮೂದಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆ್ಯಪ್ ಖಾಲಿ ಕಂಡಿತೆಂದು ಊರು ಖಾಲಿಯೆಂದು ತಿಳಿಯಬಾರದು.

## ಹಂತ 5: ಸರಿಯಾದ ರಾತ್ರಿಯನ್ನು ಆರಿಸಿ

ಶುಕ್ರವಾರ ಮತ್ತು ಶನಿವಾರ ಜಾಝ್ ಹುಡುಕುವುದು ಅತ್ಯಂತ ಸಾಮಾನ್ಯವಾದ ತಪ್ಪು. ವಾರದ ಕೊನೆಯಲ್ಲಿ ಜಾಗದ ಮಾಲೀಕರಿಗೆ ಜನ ತುಂಬಿಸುವ ಸಂಗೀತ ಬೇಕು, ವಾದಕರಿಗೂ ಹೆಚ್ಚು ಸಂಭಾವನೆ ಸಿಗುವ ಸಮಾರಂಭಗಳಿರುತ್ತವೆ. ತಮಗೆ ಪ್ರಿಯವಾದುದನ್ನು ನುಡಿಸಲು ಅವರು ಉಳಿಸಿಕೊಳ್ಳುವುದು ಸೋಮವಾರದಿಂದ ಗುರುವಾರದವರೆಗಿನ ರಾತ್ರಿಗಳನ್ನು, ಕೆಲವೊಮ್ಮೆ ಭಾನುವಾರದ ಮಧ್ಯಾಹ್ನವನ್ನು. ಇದು ಸಣ್ಣ ಊರಿನ ಬಡತನವೆಂದು ಭಾವಿಸಬೇಕಾಗಿಲ್ಲ. ಸ್ಟುಡಿಯೊಗಳಲ್ಲಿ ದುಡಿಯುತ್ತಿದ್ದ ವಾದಕರನ್ನು ಕೂಡಿಸಿಕೊಂಡು ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್ ಮತ್ತು ಡ್ರಮ್ ವಾದಕ ಮೆಲ್ ಲೂಯಿಸ್ 1966ರಲ್ಲಿ ವಿಲೇಜ್ ವ್ಯಾನ್‌ಗಾರ್ಡಿನಲ್ಲಿ ತಮ್ಮ ಬಿಗ್ ಬ್ಯಾಂಡ್ ಆರಂಭಿಸಿದ್ದೂ ಸೋಮವಾರದ ರಾತ್ರಿಗಳಲ್ಲೇ, ಅವರ ತರುವಾಯದ ವಾದ್ಯವೃಂದ ಸೋಮವಾರವನ್ನು ಬಿಟ್ಟುಕೊಟ್ಟಿಲ್ಲ.

ಒಂದೇ ಒಂದು ಸಂಜೆ ಹೊರಗೆ ಹೋಗಲು ಸಾಧ್ಯವಿದ್ದರೆ ಜಾಮ್ ಸೆಷನ್ ಆರಿಸಿಕೊಳ್ಳಿ. ಮೊದಲ ಭಾಗದಲ್ಲಿ ಆ ಜಾಗದ ಕಾಯಂ ತಂಡ ನುಡಿಸುತ್ತದೆ, ಆಮೇಲೆ ಬಂದ ವಾದಕರು ಸರದಿಯ ಮೇಲೆ ವೇದಿಕೆ ಏರುತ್ತಾರೆ. ಸಂಗೀತದ ಮಟ್ಟ ಏರಿಳಿಯುತ್ತದೆ, ಒಮ್ಮೊಮ್ಮೆ ಐದು ಸ್ಯಾಕ್ಸೊಫೋನ್‌ಗಳು ಒಂದೇ ಕೃತಿಯನ್ನು ಹಿಡಿದು ಅರ್ಧ ಗಂಟೆ ಮನೋಧರ್ಮ ಪ್ರದರ್ಶಿಸುವುದನ್ನು ಸಹಿಸಬೇಕಾಗುತ್ತದೆ. ಆದರೆ ಊರಿನ ವಾದಕರೆಲ್ಲ ಒಂದೇ ಕೋಣೆಯಲ್ಲಿ ಸಿಗುವ ರಾತ್ರಿ ಅದೊಂದೇ. ಹುಡುಕುವವರಿಗೆ ಅದಕ್ಕಿಂತ ಲಾಭದ ಜಾಗ ಇನ್ನೊಂದಿಲ್ಲ.

ಭಾಷೆಯ ಒಂದು ಬಲೆಯ ಬಗ್ಗೆ ಎಚ್ಚರಿಸಲೇಬೇಕು. ‘ಪ್ರತಿ ಎರಡನೇ ಗುರುವಾರ’ ಎಂದರೆ ತಿಂಗಳ ಎರಡನೆಯ ಗುರುವಾರವೋ, ವಾರ ಬಿಟ್ಟು ವಾರವೋ? ಎರಡೂ ಅರ್ಥ ಬಳಕೆಯಲ್ಲಿವೆ, ಐದು ಗುರುವಾರಗಳಿರುವ ತಿಂಗಳಲ್ಲಂತೂ ಲೆಕ್ಕ ಪೂರ್ತಿ ತಪ್ಪುತ್ತದೆ. ನಾನು ಇದೇ ಮಾತನ್ನು ತಪ್ಪಾಗಿ ಓದಿ, ಮೇಜಿನ ಮೇಲೆ ಕುರ್ಚಿಗಳನ್ನು ಮಗುಚಿಟ್ಟ ಕತ್ತಲ ಕೋಣೆಯ ಮುಂದೆ ಎರಡು ಸಲ ನಿಂತಿದ್ದೇನೆ. ಪಟ್ಟಿಯಲ್ಲಿ ವಾರದ ಹೆಸರಿನೊಂದಿಗೆ ಮುಂದಿನ ಕಛೇರಿಯ ತಾರೀಖನ್ನೂ ಬರೆಯುವ ಅಭ್ಯಾಸ ಬಂದದ್ದು ಆಮೇಲೆ.

## ಹಂತ 6: ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ

ಕಛೇರಿ ನಿಜವಾಗಿ ನಡೆಯುತ್ತದೆಂದು ನಂಬಲು ಎರಡು ಕಡೆಯ ಮಾತು ಒಂದಾಗಬೇಕು: ಜಾಗದವರ ಪ್ರಕಟಣೆ ಮತ್ತು ವಾದಕರ ಪ್ರಕಟಣೆ. ಜಾಗದವರು ಹೇಳಿ ವಾದಕರು ಹೇಳದಿದ್ದರೆ ಅದು ಹಳೆಯ ಫಲಕವಿರಬಹುದು. ವಾದಕರು ಹೇಳಿ ಜಾಗದವರು ಹೇಳದಿದ್ದರೆ ಬಹುತೇಕ ಕಛೇರಿ ನಡೆಯುತ್ತದೆ, ಏಕೆಂದರೆ ವಾದ್ಯ ಹೊತ್ತು ಹೋಗುವವರಿಗೆ ತಾರೀಖು ತಪ್ಪುವುದು ಕಡಿಮೆ. ಕೊನೆಯ ಗಳಿಗೆಯ ರದ್ದತಿ ಸಾಮಾನ್ಯವಾಗಿ ಇನ್‌ಸ್ಟಾಗ್ರಾಮಿನ ಸ್ಟೋರಿಯಲ್ಲಿ ಮಾತ್ರ ಬರುತ್ತದೆ, ಅದು 24 ಗಂಟೆಗಳಲ್ಲಿ ಮಾಯವಾಗುತ್ತದೆ. ಆದ್ದರಿಂದ ಹೊರಡುವ ದಿನದ ಸಂಜೆ ವಾದಕರ ಸ್ಟೋರಿಯನ್ನು ಒಮ್ಮೆ ನೋಡಿ.

ಅದಕ್ಕೂ ಮೊದಲು ಜಾಗದವರಿಗೆ ಫೋನ್ ಮಾಡಿ. ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ಹೊತ್ತು ಇದಕ್ಕೆ ಒಳ್ಳೆಯದು. ‘ಇವತ್ತು ಜಾಝ್ ಇದೆಯೇ?’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಹೌದು-ಅಲ್ಲ ಎಂದು ಮುಗಿಸಲಾಗದ ಪ್ರಶ್ನೆಗಳನ್ನು ಕೇಳಬೇಕು. ಇಂದು ನುಡಿಸುವ ತಂಡದ ಹೆಸರೇನು? ಮೊದಲ ಸೆಟ್ (ಬಿಡುವಿನವರೆಗೆ ಒಟ್ಟಿಗೆ ನುಡಿಸುವ ಭಾಗ) ಎಷ್ಟು ಗಂಟೆಗೆ ಆರಂಭವಾಗುತ್ತದೆ, ಒಟ್ಟು ಎಷ್ಟು ಸೆಟ್? ತಂಡ ನುಡಿಸುವುದು ಯಾವ ಕೋಣೆಯಲ್ಲಿ, ಕೇಳುಗರು ಕೂರುವ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ? ಆಸನ ಕಾದಿರಿಸುವುದು ಹೇಗೆ? ಕೊನೆಯ ಪ್ರಶ್ನೆ ಹಣದ್ದು, ಅದರಲ್ಲಿ ನಾಲ್ಕು ಬಗೆಗಳಿವೆ ಎಂಬುದು ನೆನಪಿರಲಿ. ಮುಂಗಡ ಟಿಕೆಟ್, ಬಾಗಿಲಲ್ಲಿ ಕೊಡುವ ಪ್ರವೇಶ ಶುಲ್ಕ, ಇಂತಿಷ್ಟಾದರೂ ಖರೀದಿಸಬೇಕೆಂಬ ನಿಯಮ, ಮತ್ತು ಪ್ರವೇಶ ಉಚಿತವಾಗಿದ್ದು ತಂಡಕ್ಕೆ ಡಬ್ಬಿಯಲ್ಲಿ ಹಣ ಹಾಕುವ ಪದ್ಧತಿ. ಕೆಲವು ಕಡೆ ಒಂದಕ್ಕಿಂತ ಹೆಚ್ಚು ಬಗೆಗಳು ಕೂಡಿರುತ್ತವೆ. ಎರಡು ಸೆಟ್‌ಗಳಿಗೆ ಬೇರೆ ಬೇರೆ ಟಿಕೆಟ್ ಇಡುವ ಜಾಗಗಳೂ ಇವೆ.

ಪ್ರಕಟಣೆಯಲ್ಲಿ ಕಾಣುವ ಸಮಯ ಬಾಗಿಲು ತೆರೆಯುವ ಹೊತ್ತೋ ಸಂಗೀತ ಆರಂಭವಾಗುವ ಹೊತ್ತೋ ಎಂಬುದನ್ನೂ ಇದೇ ಕರೆಯಲ್ಲಿ ಬಿಡಿಸಿಕೊಳ್ಳಿ. ಎರಡರ ನಡುವೆ ಒಂದು ಗಂಟೆಯ ಅಂತರವಿರುವುದು ಅಪರೂಪವೇನಲ್ಲ.

## ಅಪಾಯದ ಸೂಚನೆಗಳು

ಭಿತ್ತಿಪತ್ರದಲ್ಲಿ ಸ್ಯಾಕ್ಸೊಫೋನಿನ ಚಿತ್ರವಿದ್ದು ಒಬ್ಬ ವಾದಕರ ಹೆಸರೂ ಇಲ್ಲದಿದ್ದರೆ ಆ ರಾತ್ರಿಯ ಮೇಲೆ ಭರವಸೆ ಇಡಬೇಡಿ. ಜಾಝ್‌ನಲ್ಲಿ ಕೇಳುಗರು ಬರುವುದು ಇಂಥವರು ನುಡಿಸುತ್ತಾರೆ ಎಂಬ ಕಾರಣಕ್ಕೆ. ಹೆಸರು ಹಾಕದವರಿಗೆ ಜಾಝ್ ಎಂಬುದು ಕೋಣೆಯ ಅಲಂಕಾರವಷ್ಟೇ. ಅಂಥಲ್ಲಿ ಹಿನ್ನೆಲೆ ಸಂಗೀತವನ್ನು ಯಂತ್ರದಲ್ಲಿ ಹಾಕಿಕೊಂಡು ಅದರ ಮೇಲೆ ಒಬ್ಬರು ವಾದ್ಯ ನುಡಿಸುವುದನ್ನು ‘ಲೈವ್ ಜಾಝ್’ ಎಂದು ಕರೆದಿರುವ ಸಂಭವ ಹೆಚ್ಚು.

‘ಪ್ರತಿ ಗುರುವಾರ’ ಎಂಬ ಒಂದೇ ಫಲಕ ತಿಂಗಳುಗಟ್ಟಲೆ ಪುಟದ ಮೇಲ್ಭಾಗದಲ್ಲಿದ್ದು, ಯಾವ ಗುರುವಾರದ ಚಿತ್ರವೂ ಕೆಳಗೆ ಕಾಣದಿದ್ದರೆ ಆ ಸರಣಿ ನಿಂತಿದೆಯೆಂದೇ ಭಾವಿಸಿ. ವಿಮರ್ಶೆಗಳಲ್ಲಿ ‘ಹಿತವಾದ ಹಿನ್ನೆಲೆ ಸಂಗೀತ’ ಎಂಬ ಮಾತು ಪದೇ ಪದೇ ಬಂದರೆ ಅಲ್ಲಿ ತಂಡದ ಸದ್ದನ್ನು ಮಾತಿನ ಸದ್ದಿಗಿಂತ ಕೆಳಗೆ ಇರಿಸುತ್ತಾರೆಂದು ಅರ್ಥ. ಮೊದಲ ಹಂತದಲ್ಲಿ ಗಮನವಿಟ್ಟು ಕೇಳಬೇಕೆಂದು ಬರೆದುಕೊಂಡವರಿಗೆ ಅದು ಸರಿಹೋಗದು. ಚಿತ್ರಗಳಲ್ಲಿ ತಂಡದ ಹಿಂದೆ ದೊಡ್ಡ ಟಿವಿ ಉರಿಯುತ್ತಿದ್ದರೆ ಪಂದ್ಯವಿರುವ ದಿನ ಯಾರ ಸದ್ದು ಗೆಲ್ಲುತ್ತದೆಂದು ಹೇಳಬೇಕಾಗಿಲ್ಲ.

ಟಿಕೆಟ್ಟನ್ನು ಜಾಗದ ಅಥವಾ ತಂಡದ ಸ್ವಂತ ಕೊಂಡಿಯಿಂದ ಮಾತ್ರ ಕೊಳ್ಳಿ. ಉಚಿತ ಕಛೇರಿಗೆ ಬೇರೆ ಯಾವುದೋ ತಾಣ ಹಣ ಕೇಳುತ್ತಿದ್ದರೆ, ಅಥವಾ ‘ಮೇಣದಬತ್ತಿಯ ಬೆಳಕಿನಲ್ಲಿ ಜಾಝ್’ ಎಂಬಂಥ ಜಾಹೀರಾತಿನಲ್ಲಿ ತಾರೀಖಿದ್ದೂ ವಿಳಾಸ ಮತ್ತು ವಾದಕರ ಹೆಸರು ಇಲ್ಲದಿದ್ದರೆ, ಅವು ತಿಳಿಯುವವರೆಗೆ ಹಣ ಕಟ್ಟಬೇಡಿ.

## ಹಂತ 7: ಮೊದಲ ಭೇಟಿಯನ್ನು ಬಳಸಿಕೊಳ್ಳಿ

ಆರಂಭಕ್ಕೆ ಅರ್ಧ ಗಂಟೆ ಮೊದಲು ತಲುಪಿ. ಡ್ರಮ್ ಸೆಟ್ಟಿನ ಸಿಂಬಲ್‌ಗಳ ಎದುರಿಗೂ ಸ್ಪೀಕರಿನ ಬಾಯಿಗೂ ಕೂರದೆ, ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ವಾದಕರ ಕೈಗಳು ಕಾಣುವಂತೆ ಕುಳಿತುಕೊಳ್ಳಿ. ಒಂದು ಸೆಟ್ ಸಾಮಾನ್ಯವಾಗಿ 45ರಿಂದ 75 ನಿಮಿಷ ನಡೆಯುತ್ತದೆ, ಆಮೇಲೆ ಬಿಡುವು. ಒಬ್ಬೊಬ್ಬರು ತಮ್ಮ ಸರದಿಯ ಆಶುವಾದನ ಮುಗಿಸಿದಾಗ ಕೃತಿಯ ನಡುವೆಯೇ ಚಪ್ಪಾಳೆ ತಟ್ಟುವುದು ಇಲ್ಲಿಯ ರೂಢಿ. ಬೇಸ್ ವಾದಕರ ಸರದಿ ಬಂದಾಗ ಉಳಿದ ವಾದ್ಯಗಳು ತಗ್ಗುತ್ತವೆ, ಕೋಣೆಯಲ್ಲಿ ಮಾತನಾಡುವವರ ಧ್ವನಿ ಎದ್ದು ಕೇಳುವುದು ಆಗಲೇ. ಆ ಒಂದು ನಿಮಿಷ ಜನ ಸುಮ್ಮನಾಗುತ್ತಾರೆಯೇ ಎಂದು ಗಮನಿಸಿ. ಜಾಗದ ಗುಣವನ್ನು ಅಳೆಯಲು ನನಗೆ ಗೊತ್ತಿರುವ ಅತ್ಯಂತ ನಂಬಿಕೆಯ ಪರೀಕ್ಷೆ ಅದು. ಅಕೂಸ್ಟಿಕ್ ಪಿಯಾನೊ ಇದ್ದು ಅದು ಶ್ರುತಿಯಲ್ಲಿದ್ದರೆ ಮಾಲೀಕರು ಸಂಗೀತಕ್ಕಾಗಿ ಹಣ ವೆಚ್ಚ ಮಾಡುವವರೆಂದು ತಿಳಿಯಬಹುದು.

ಬಿಡುವಿನಲ್ಲಿ ಅಸಲು ಕೆಲಸ ಶುರುವಾಗುತ್ತದೆ. ವಾದಕರಲ್ಲಿ ಯಾರು ಒಂಟಿಯಾಗಿ ನಿಂತಿದ್ದಾರೆಂದು ನೋಡಿ, ಕೇಳಿದ್ದರಲ್ಲಿ ನಿಮಗೆ ಹಿಡಿಸಿದ ಒಂದು ಸಂಗತಿ ಹೇಳಿ, ಆಮೇಲೆ ‘ಈ ತಿಂಗಳು ಇನ್ನೆಲ್ಲಿ ನುಡಿಸುತ್ತೀರಿ? ನಿಮಗೆ ಬಿಡುವಿರುವ ದಿನ ನೀವು ಯಾರನ್ನು ಕೇಳಲು ಹೋಗುತ್ತೀರಿ?’ ಎಂದು ಎರಡೇ ಪ್ರಶ್ನೆ ಕೇಳಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಯಾವ ಆ್ಯಪ್‌ನಲ್ಲಿಯೂ ಸಿಗುವುದಿಲ್ಲ. ಮನೆಗಳಲ್ಲಿ ನಡೆಯುವ ಕಛೇರಿಗಳಿಗೆ ದಾರಿ ತೆರೆಯುವುದೂ ಹೀಗೆಯೇ, ಏಕೆಂದರೆ ಅವುಗಳ ವಿಳಾಸವನ್ನು ಬಹಿರಂಗವಾಗಿ ಪ್ರಕಟಿಸದೆ ಪರಿಚಯವಾದವರಿಗೆ ಮಾತ್ರ ಕಳುಹಿಸುತ್ತಾರೆ. ಡಬ್ಬಿ ಇಟ್ಟಿದ್ದರೆ ಹಣ ಹಾಕಿ, ಹೆಸರು ನೋಂದಾಯಿಸುವ ಹಾಳೆಯಿದ್ದರೆ ಆ ಪ್ರತ್ಯೇಕ ಇಮೇಲ್ ವಿಳಾಸವನ್ನು ಬರೆಯಿರಿ.

ಒಂದೇ ಭೇಟಿಯಲ್ಲಿ ಜಾಗವನ್ನು ತಳ್ಳಿಹಾಕಬೇಡಿ. ಅದೇ ಕೋಣೆಯಲ್ಲಿ ಬೇರೆ ತಂಡ, ಬೇರೆ ರಾತ್ರಿ, ಬೇರೆಯೇ ಅನುಭವ ಕೊಡಬಹುದು. ಎರಡು ಸಲ ಹೋಗಿಯೂ ಮನಸ್ಸಿಗೆ ಹಿಡಿಸದಿದ್ದರೆ ಅಳಿಸಿಬಿಡಿ.

## ಹಂತ 8: ಪಟ್ಟಿಯನ್ನು ಜೀವಂತವಾಗಿಡಿ

ತಿಂಗಳಿಗೊಮ್ಮೆ ಅರ್ಧ ಗಂಟೆ ತೆಗೆದಿಟ್ಟು ಏಳನೆಯ ಅಂಕಣವನ್ನು ನೋಡಿ. ಆರು ವಾರಗಳಿಂದ ಖಚಿತಪಡಿಸಿಕೊಳ್ಳದ ಸಾಲಿಗೆ ಬಣ್ಣ ಹಚ್ಚಿ, ಮತ್ತೆ ವಿಚಾರಿಸುವವರೆಗೆ ಅದನ್ನು ನಂಬಿ ಯಾರನ್ನೂ ಕರೆದುಕೊಂಡು ಹೋಗಬೇಡಿ. ಜಾಗದ ಮ್ಯಾನೇಜರ್ ಬದಲಾದಾಗ ಜಾಝ್ ರಾತ್ರಿಗಳು ಮೊದಲು ನಿಲ್ಲುತ್ತವೆ. ಹಾಗೆ ನಿಂತ ಸರಣಿ ಹೆಚ್ಚಾಗಿ ಸತ್ತಿರುವುದಿಲ್ಲ, ಅದನ್ನು ನಡೆಸುತ್ತಿದ್ದ ವಾದಕರ ಜತೆ ಬೇರೆ ಕಟ್ಟಡಕ್ಕೆ ಹೋಗಿರುತ್ತದೆ. ಪಟ್ಟಿಯ ಮೊದಲ ಅಂಕಣದಲ್ಲಿ ಜಾಗದ ಬದಲು ವಾದಕರ ಹೆಸರು ಇಟ್ಟಿದ್ದರ ಪ್ರಯೋಜನ ಆಗ ತಿಳಿಯುತ್ತದೆ.

ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಲೇಜಿಗೆ ರಜೆ ಬಿದ್ದಾಗ ವಿದ್ಯಾರ್ಥಿಗಳನ್ನು ನಂಬಿದ ಜಾಮ್ ಸೆಷನ್‌ಗಳು ಸೊರಗುತ್ತವೆ, ಹೊರಾಂಗಣಕ್ಕೆ ಅನುಕೂಲವಾದ ತಿಂಗಳುಗಳಲ್ಲಿ ತಂಡಗಳು ಉದ್ಯಾನ ಮತ್ತು ಉತ್ಸವಗಳಿಗೆ ಹೊರಡುತ್ತವೆ, ವರ್ಷದ ಕೊನೆಯಲ್ಲಿ ವಾದಕರು ಖಾಸಗಿ ಸಮಾರಂಭಗಳಲ್ಲಿ ಮುಳುಗಿರುತ್ತಾರೆ.

ಮೂರು ನಾಲ್ಕು ವಾರ ಈ ಕ್ರಮದಲ್ಲಿ ನಡೆದೂ ವಾರದ ಒಂದು ಕಛೇರಿಯೂ ಸಿಗಲಿಲ್ಲವೆಂದರೆ ಮಾನದಂಡವನ್ನು ವಾರದಿಂದ ತಿಂಗಳಿಗೆ ಬದಲಿಸಿ. ಜಾಝ್ ಸಂಘಗಳು, ಗ್ರಂಥಾಲಯಗಳು ಮತ್ತು ಕೆಲವು ಚರ್ಚುಗಳು ತಿಂಗಳಿಗೆ ಅಥವಾ ಮೂರು ತಿಂಗಳಿಗೆ ಒಮ್ಮೆ ಕಛೇರಿ ಏರ್ಪಡಿಸುತ್ತವೆ. ಇದರೊಂದಿಗೆ ನಕ್ಷೆ ತೆರೆದು, ನಿಮ್ಮ ಊರು ಯಾವ ಎರಡು ದೊಡ್ಡ ನಗರಗಳ ನಡುವೆ ಇದೆಯೆಂದು ನೋಡಿ. ಪ್ರವಾಸದಲ್ಲಿರುವ ತಂಡಗಳು ಎರಡು ವಾರಾಂತ್ಯಗಳ ದೊಡ್ಡ ಕಛೇರಿಗಳ ನಡುವಣ ಮಂಗಳವಾರ, ಬುಧವಾರಗಳನ್ನು ಖಾಲಿ ಬಿಡದೆ ದಾರಿಯ ಊರುಗಳಲ್ಲಿ ನುಡಿಸಲು ನೋಡುತ್ತವೆ. ಆ ಎರಡು ನಗರಗಳ ಜಾಝ್ ಕ್ಲಬ್‌ಗಳ ಮುಂದಿನ ಎರಡು ತಿಂಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ತಂಡಗಳನ್ನು ಗುರುತಿಸಿ, ಅವುಗಳ ಪ್ರವಾಸಪಟ್ಟಿಯಲ್ಲಿ ನಡುವಣ ದಿನಗಳ ಮುಂದೆ ಯಾವ ಊರಿನ ಹೆಸರಿದೆಯೆಂದು ನೋಡಿ.